ಒಂಬತ್ತು ಗಂಟಿನ ಉಡದಾರ

ದೇವಾಪುರದಲ್ಲಿ ಇನ್ನೂ ಕೋಳಿ ಕೂಗುವ ಹೊತ್ತು. ಸಾಯಬಮ್ಮ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕುಳಿತಿದ್ದಾರೆ. ಅವರ ಕಾಲ ಮೇಲೆ ಹದಿಮೂರು ದಿನದ ಗಂಡುಕೂಸು ಬೋರಲು ಮಲಗಿ ಓಣಿಯನ್ನೆಲ್ಲ ಎಬ್ಬಿಸುವ ಹಾಗೆ ಅಳುತ್ತಿದೆ. ಪೇಪರಿಗೆ ಬರೆಯಲು ಬಂದ ನಾನು ಗಾಬರಿಯಿಂದ ನೋಡುವುದನ್ನು ಕಂಡು ಅವರಿಗೆ ನಗು.

"ಅಳಲಿ ಬಿಡ್ರಿ ಸಾಹೇಬ್ರ. ಅತ್ತರ ಉಸಿರು ಗಟ್ಟಿ ಅದ ಅಂತ ತಿಳೀತದ."

ಸಾಯಬಮ್ಮ ಸೂಲಗಿತ್ತಿ. ವಯಸ್ಸು ಅರವತ್ತರ ಆಸುಪಾಸು. ಸುರಪುರದ ಸುತ್ತ ಎಂಟು ಊರುಗಳಲ್ಲಿ ಯಾರು ಹೆರುವುದಿದ್ದರೂ ಇವರಿಗೇ ಕರೆ. ಇಲ್ಲಿಯವರೆಗೆ ಎಷ್ಟು ಹೆರಿಗೆ ಮಾಡಿಸಿದ್ದೀರಿ ಎಂದು ಪೆನ್ಸಿಲು ಹಿಡಿದು ಕೇಳಿದೆ. "ಮುಗದದ್ದು ಎಣಸಂಗಿಲ್ರಿ, ಆಗಬೇಕಾದ್ದು ಎಣಸ್ತೀನಿ. ಈಗ ಮನ್ಯಾಗ ಹನ್ನೊಂದು ಅವ," ಎನ್ನುತ್ತಾರೆ.

ಆ ಹನ್ನೊಂದೂ ಅವರ ಮನೆಯ ಗೂಟಕ್ಕೆ ತೂಗುಬಿದ್ದಿವೆ. ಒಬ್ಬ ಬಸುರಿಗೆ ಒಂದು ಕರಿ ಉಣ್ಣೆಯ ದಾರ. ಕಡೆಯ ಸಲ ಮುಟ್ಟಾಗಿ ತಲೆಗೆ ನೀರು ಹಾಕಿಕೊಂಡ ದಿನದಿಂದ ಲೆಕ್ಕ ಹಿಡಿದು, ತಿಂಗಳು ತುಂಬಿದಂತೆಲ್ಲ ಒಂದೊಂದು ಗಂಟು. ಮೂರನೇ ಗಂಟು ದಾಟಿದರೆ ವಾಂತಿ ಕಡಿಮೆ. ಐದಕ್ಕೆ ಕೂಸು ಮಿಸುಕಾಡುತ್ತದೆ. ಏಳಕ್ಕೆ ಕುಬಸ, ಅಂದರೆ ಸೀಮಂತ; ಆಮೇಲೆ ತುಂಬಿದ ಕೊಡ ಎತ್ತಕೂಡದು. ಒಂಬತ್ತಕ್ಕೆ ಹೊಟ್ಟೆ ಕೆಳಗಿಳಿಯುತ್ತದೆ. ಒಂಬತ್ತು ಗಂಟಿನ ಮೇಲೆ ಒಂಬತ್ತು ದಿನ, ಅದೇ ಹೆರುವ ಹೊತ್ತು.

ಈ ಲೆಕ್ಕ ಶುರುವಾದದ್ದು ಒಂದು ಸಾವಿನಿಂದ. ಇವರ ತಂಗಿಗೆ ಎಷ್ಟು ತಿಂಗಳೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ದಿನ ತುಂಬಿದವಳನ್ನು ಬಂಡಿಯಲ್ಲಿ ತವರಿಗೆ ಕಳಿಸಿದರು. ದಾರಿಯಲ್ಲೇ ಹೆರಿಗೆ ನೋವು ಶುರುವಾಗಿ ಅವಳು ಹೋದಳು. ಅದನ್ನು ಹೇಳುವಾಗಲೂ ಸಾಯಬಮ್ಮನ ಕೈ ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುತ್ತಲೇ ಇದೆ.

ಇನ್ನು ಕಾಲ ಮೇಲಿನ ಈ ಕೂಸಿನ ಕತೆ. ತಾಯಿ ಗೊಲ್ಲಾಳಮ್ಮ. ತಂದೆ ಅಮೋಘಸಿದ್ದ ಕುರಿ ಸಾಕುವ ಮನೆಯವನು. ರಜಾಕಾರರ ಗದ್ದಲದಲ್ಲಿ ಊರು ಬಿಟ್ಟು ಸೊಲ್ಲಾಪುರದ ಗಿರಣಿ ಸೇರಿದ್ದ. ಸಂಸ್ಥಾನ ಒಕ್ಕೂಟಕ್ಕೆ ಸೇರಿ ವರ್ಷ ದಾಟಿದ ಮೇಲೆ, ಈ ಶಿವರಾತ್ರಿಗೆ ಮನೆಗೆ ಬಂದ. ಮರುದಿನ ಅಮಾವಾಸ್ಯೆ. ಗೊಲ್ಲಾಳಮ್ಮ ತಲೆಗೆ ನೀರು ಹಾಕಿಕೊಂಡದ್ದು ಅಂದೇ.

ದೀಪಾವಳಿಯ ಅಮಾವಾಸ್ಯೆಗೆ ಅವಳ ಹೊಟ್ಟೆ ಕೆಳಗಿಳಿಯಿತು. ಅತ್ತೆ ಮೌನಮ್ಮ ಫಾಲ್ಗುಣದಿಂದ ಆಶ್ವೀಜದವರೆಗೆ ಬೆರಳು ಮಡಚಿದರು. ಎಂಟೇ ತಿಂಗಳು! ಹಾಗಾದರೆ ಮಗ ಬರುವ ಮೊದಲೇ ಸೊಸೆ ಬಸುರಾಗಿದ್ದಳೇ? ತಲೆಗೆ ನೀರು ಹಾಕಿಕೊಂಡದ್ದು ಬರೀ ನಾಟಕವೇ? ಪಾಡ್ಯದ ಬೆಳಿಗ್ಗೆಯೇ ಬಂಡಿ ಕಟ್ಟಿಸಿದರು. ಸೊಸೆಯನ್ನು ತವರಿಗೆ ಬಿಟ್ಟುಬರುವುದು, ಮತ್ತೆ ಕರೆಯುವುದಿಲ್ಲ.

ಸುದ್ದಿ ಕೇಳಿ ಸಾಯಬಮ್ಮ ದಾರ ಹಿಡಿದು ಓಡಿ ಬಂದರು. ದಾರದಲ್ಲಿ ಒಂಬತ್ತು ಗಂಟು.

"ಅಧಿಕ ಮಾಸಕ್ಕೂ ಗಂಟ ಹಾಕೀಯಲ್ಲ! ಅದು ಲೆಕ್ಕಕ್ಕದ ಏನ?" ಎಂದು ಮೌನಮ್ಮ ಸಿಡುಕಿದರು. ಈ ವರ್ಷ ಆಷಾಢ ಎರಡು ಸಲ ಬಂದಿತ್ತು. ಶುಭಕಾರ್ಯಕ್ಕೆ ಬಾರದ ಅಧಿಕ ತಿಂಗಳನ್ನು ಅವರು ಬೆರಳಿಗೂ ಹಿಡಿದಿರಲಿಲ್ಲ.

"ಅಧಿಕದಾಗ ನಾವು ಲಗ್ನ ಮಾಡಂಗಿಲ್ಲ ಖರೆ. ಹೊಟ್ಯಾಗಿನ ಕೂಸು ಬೆಳಿಯೂದ ಬಿಡತದೇನ ಯವ್ವಾ?" ಎಂದರು ಸಾಯಬಮ್ಮ.

ಅಲ್ಲಿಯವರೆಗೆ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ ಅಮೋಘಸಿದ್ದ ಬಾಯಿ ಬಿಟ್ಟ. "ಯವ್ವಾ, ಅಳಿಯ ಅಂತ ಮಾವ ನನಗ ಅಧಿಕದಾಗ ಕರದು ಹೋಳಿಗಿ ಉಣಿಸ್ಯಾನ. ನಾ ಉಂಡ ತಿಂಗಳು ಖರೆ ಇದ್ದರ ಆಕಿ ಹೊತ್ತ ತಿಂಗಳೂ ಖರೇನ ಅದ."

ಎಂಥ ಮಾತು! ಆಡಲು ಇಷ್ಟು ಹೊತ್ತು ಬೇಕಿತ್ತೇ ಎಂದು ನನಗೆ ಅವನ ಮೇಲೆ ಸಿಟ್ಟೂ ಬರುತ್ತದೆ. ಅಂತೂ ಬಂಡಿಯ ಎತ್ತು ಬಿಚ್ಚಿದರು. ಕೂಸು ಒಂಬತ್ತನೇ ದಿನ ಹುಟ್ಟಲಿಲ್ಲ, ಹತ್ತನೇ ದಿನ ಹುಟ್ಟಿತು. "ಎರಡು ದಿನ ಹಿಂದ ಮುಂದ ಆಗತದ, ನನಗ ಗೊತ್ತದ. ಆದ್ರೂ ಆ ಒಂದು ದಿನ ನನಗ ರೊಟ್ಟಿ ಇಳೀಲಿಲ್ರಿ," ಎನ್ನುತ್ತಾರೆ ಸಾಯಬಮ್ಮ. ಕೇಳುತ್ತಿದ್ದ ನನಗೂ ಆಗಲೇ ಉಸಿರು ಬಂದದ್ದು.

ಇಷ್ಟೆಲ್ಲ ಪೇಪರಿನಲ್ಲಿ ಹಾಕಬಹುದೇ ಎಂದು ಮೌನಮ್ಮನನ್ನು ಕೇಳುತ್ತೇನೆ. "ಹಾಕ್ರಿ. ತಪ್ಪು ನಂದು ಅಂತನೂ ಹಾಕ್ರಿ," ಎನ್ನುತ್ತಾರೆ, ಸೊಸೆಗೆ ಕೇಳುವಂತೆ.

ಇಂದು ತೊಟ್ಟಿಲು. ಹೆರಿಗೆಯಾದ ಮೇಲೆ ಗಂಟುಗಳನ್ನೆಲ್ಲ ಬಿಚ್ಚಿ, ಅದೇ ದಾರವನ್ನು ಕೂಸಿನ ಸೊಂಟಕ್ಕೆ ಉಡದಾರವಾಗಿ ಕಟ್ಟುವುದು ಸಾಯಬಮ್ಮನ ವಾಡಿಕೆ. ಮೊದಲ ಗಂಟಿಗೆ ಉಗುರು ಹಾಕುತ್ತಾರೆ. ಮೌನಮ್ಮ ಬಂದು ಕೈ ಹಿಡಿಯುತ್ತಾರೆ.

"ಬಿಚ್ಚಬ್ಯಾಡ, ಅಕ್ಕಾ. ಹಂಗೇ ಕಟ್ಟು. ನಾಳಿ ಯಾರರೆ ಬಾಯಿ ಬಿಟ್ಟರ ನಾನ ಎಣಿಸಿ ತೋರಸ್ತೀನಿ."

ಬಾಗಿಲ ಮರೆಯಲ್ಲಿ ಗೊಲ್ಲಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಸಾಯಬಮ್ಮ ದಾರ ಕಟ್ಟಿ, ಗಂಟು ಕೂಸಿನ ಮೈಗೆ ಒತ್ತದಂತೆ ಒಂದೊಂದನ್ನೂ ಬೆರಳಿನಿಂದ ಸರಿಮಾಡುತ್ತಾರೆ.

"ಇಷ್ಟ ವರ್ಷಾತ್ರಿ, ಒಂದು ಗಂಟೂ ಬಿಚ್ಚದ ಬಿಟ್ಟಾಕಿ ಅಲ್ಲ ನಾ," ಎನ್ನುತ್ತಾರೆ ನನಗೆ. "ಇವಿಷ್ಟು ಇರಲಿ."