ಹನ್ನೊಂದನೇ ಭಾಗದ ಕೊನೆಯ ಪುಟ

ಕಳೆದ ವಾರ ನಾನು ಮೊಮ್ಮಗಳಿಗೆ ಒಂದು ಸುಳ್ಳು ಹೇಳಿದೆ.

ಆಗಿದ್ದಿಷ್ಟು. ಪಿಯುಸಿ ಮುಗಿಸಿದ ಹುಡುಗಿ ಡಿಗ್ರಿ ಅಡ್ಮಿಷನ್ನಿಗೆಂದು ಬೀದರಿನ ಒಂದು ಕಾಲೇಜಿನಲ್ಲಿ ಕ್ಯೂ ನಿಂತಿದ್ದಳು. ಕಾವಲಿಗೆ ನಾನು ಹೋಗಿದ್ದೆ. (ಯಾರಿಗೆ ಯಾರು ಕಾವಲು ಎಂದು ಕೇಳಬೇಡಿ. ನನಗೆ ಎಂಬತ್ತು ದಾಟಿದೆ.) ಅವಳ ಹಿಂದೆ ನಿಂತವಳ ಬ್ಯಾಗಿನ ಮೇಲೆ ಒಂದು ಡ್ರ್ಯಾಗನ್ ಚಿತ್ರವಿತ್ತು. ಅಷ್ಟೇ ಸಾಕಾಯಿತು. ಇಬ್ಬರೂ ಒಂದೇ ಸೀರೀಸ್ ಓದಿದವರಂತೆ. ಎಷ್ಟನೇ ಬುಕ್ ಇಷ್ಟ, ಯಾರು ಸಾಯಬಾರದಿತ್ತು, ಯಾರು ಮೊದಲೇ ಸಾಯಬೇಕಿತ್ತು... ಕೌಂಟರ್ ಬರುವಷ್ಟರಲ್ಲಿ ನಂಬರ್ ಬದಲಾಯಿಸಿಕೊಂಡು, ಒಂದೇ ಸೆಕ್ಷನ್ ಕೇಳೋಣ ಎಂದು ಮಾತಾಡಿಕೊಂಡೂ ಆಗಿತ್ತು.

ಮನೆಗೆ ಬರುವಾಗ ಆಟೋದಲ್ಲಿ ಅವಳು ಕೇಳಿದಳು, "ಮುತ್ಯಾ, ನಿಮಗ ಅಡ್ಮಿಷನ್ ಟೈಮಿನಾಗ ಹಿಂಗ ಯಾರರೆ ದೋಸ್ತ್ ಸಿಕ್ಕಿದ್ರೇನು?"

"ಇಲ್ಲವ್ವ," ಅಂದೆ.

ಸಿಕ್ಕಿದ್ದ. ಹೆಸರು ಮಾಣಿಕ. ಊರು ಔರಾದ. ಅವನ ವಿಷಯ ನಾನು ಮನೆಯಲ್ಲಿ ಯಾರ ಮುಂದೆಯೂ ಎತ್ತಿಲ್ಲ. ಹೆಂಡತಿಯ ಮುಂದೆಯೂ ಇಲ್ಲ. ಇವತ್ತು ನಿಮ್ಮ ಮುಂದೆ ಎತ್ತುತ್ತಿದ್ದೇನೆ. ಇಷ್ಟು ವರ್ಷ ಈ ಅಂಕಣದಲ್ಲಿ ಊರವರ ತಪ್ಪುಗಳನ್ನೆಲ್ಲ ಎತ್ತಿ ಆಡಿದ್ದೇನಲ್ಲ, ಒಂದು ವಾರ ನನ್ನದೂ ಇರಲಿ.

ನಮ್ಮ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ನಾವು ಭಾಲ್ಕಿಯವರು ಇದ್ದ ಜಾಗದಲ್ಲೇ ಇದ್ದೆವು, ರಾಜ್ಯ ಮಾತ್ರ ಬೇರೆಯಾಗಿತ್ತು. ಮನೆಯಲ್ಲಿ ಆಡುತ್ತಿದ್ದುದು ಕನ್ನಡ. ಸಾಲಿಯಲ್ಲಿ ಓದಿದ್ದು ಪೂರಾ ಉರ್ದು. ಗಣಿತ ಉರ್ದು, ಭೂಗೋಳ ಉರ್ದು, ಬೈಗುಳ ಕೂಡ ಉರ್ದು. ಕನ್ನಡದ ಅಕ್ಷರಗಳನ್ನು ನಾನು ಬೆರಳಿಟ್ಟುಕೊಂಡು ಓದುತ್ತಿದ್ದೆ.

ಆದರೆ ಉರ್ದುವಿನಲ್ಲಿ ನಮಗೊಂದು ಸ್ವರ್ಗವಿತ್ತು. 'ನೀಲಿ ಬುರುಜು' ಎಂಬ ಹನ್ನೆರಡು ಭಾಗಗಳ ಮಾಯಾಲೋಕದ ಕಥೆ. ನೆರಳು ಕಳೆದುಕೊಂಡ ಒಬ್ಬ ಶಹಜಾದಾ, ಅಂದರೆ ರಾಜಕುಮಾರ. ಹತ್ತುವಾಗ ಒಂದು ಲೆಕ್ಕ, ಇಳಿಯುವಾಗ ಇನ್ನೊಂದು ಲೆಕ್ಕ ಬರುವ ಮೆಟ್ಟಿಲು. ಮನುಷ್ಯರ ದನಿಯನ್ನು ಕದ್ದು ಮಡಕೆಯಲ್ಲಿ ಮುಚ್ಚಿಡುವ ಜಾದೂಗಾರ್ತಿ. ಊಟ ಮರೆತು ಓದುತ್ತಿದ್ದೆವು.

ಪುಸ್ತಕಗಳು ಬರುತ್ತಿದ್ದುದು ಬೀದರಿನ ಚೌಬಾರಾದ ಹತ್ತಿರ ಪುಸ್ತಕಕ್ಕೆ ರಟ್ಟು ಕಟ್ಟುವ ಖಾದರ್ ಚಾಚಾ ಅವರಿಂದ. ಒಂದೊಂದು ಭಾಗವನ್ನೂ ಅವರು ಗಟ್ಟಿ ಜಿಲ್ದ್ ಕಟ್ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದರು. ಇವತ್ತು ಭಾಲ್ಕಿಗೆ, ಓದಿ ಮುಗಿಸಿದ ಮೇಲೆ ಔರಾದಿಗೆ, ಆಮೇಲೆ ಬೇರೆ ಊರಿಗೆ. ಜೊತೆಗೆ ಅವರದೇ ಒಂದು ಕಾಯ್ದೆಯಿತ್ತು. ಪ್ರತಿ ಭಾಗದ ಕೊನೆಗೆ ಒಂದು ಖಾಲಿ ಹಾಳೆ ಹಚ್ಚುತ್ತಿದ್ದರು. ಓದಿದವನು ಅದರ ಮೇಲೆ ತನ್ನ ಹೆಸರು, ಊರು ಬರೆದು, ಮುಂದೆ ಏನಾಗುತ್ತದೆ ಎಂದು ಪೆನ್ಸಿಲ್ಲಿನಲ್ಲಿ ಊಹೆ ಬರೆಯಬೇಕು. ಯಾರ ಊಹೆ ಖರೆ ಆಗುತ್ತದೋ ಮುಂದಿನ ಭಾಗ ಮೊದಲು ಅವನಿಗೆ.

ಹಾಗಾಗಿ ಮಾಣಿಕನ ಮುಖ ನೋಡುವ ಮೊದಲೇ ಅವನ ಅಕ್ಷರ ನನಗೆ ಗೊತ್ತಿತ್ತು. 'ಮಾಣಿಕ, ಔರಾದ.' ಸಣ್ಣ, ಸಾಫ್ ಅಕ್ಷರ. ಅವನ ಊಹೆಗಳು ನನ್ನ ಹೊಟ್ಟೆ ಉರಿಸುವಷ್ಟು ಸರಿಯಾಗಿರುತ್ತಿದ್ದವು. ಐದನೇ ಭಾಗ, ಆರನೇ ಭಾಗ, ಎರಡೂ ಮೊದಲು ಔರಾದಿಗೇ ಹೋದವು. ಏಳಕ್ಕೆ ನಾನು ಗೆದ್ದೆ. ಎಂಟಕ್ಕೆ ಮತ್ತೆ ಅವನು. ಹನ್ನೊಂದನೆಯದು ಮೊದಲು ನನಗೆ ಬಂತು.

ಅದನ್ನು ಓದಿ ಮುಗಿಸಿ, ಕೊನೆಯ ಹಾಳೆಯ ಮೇಲೆ ದೊಡ್ಡದಾಗಿ 'ಶರಣಪ್ಪ, ಭಾಲ್ಕಿ' ಎಂದು ಬರೆದು, ಸರ್ಟಿಫಿಕೇಟುಗಳ ಜೊತೆ ಒಂದೇ ವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ನಾನು ಬೀದರಿಗೆ ಬಂದೆ. ಕಾಲೇಜಿನ ಇಂಟರ್‌ವ್ಯೂ ಇತ್ತು.

ವರಾಂಡದಲ್ಲಿ ಹುಡುಗರು ಸಾಲಾಗಿ ಕೂತಿದ್ದರು. ನನ್ನ ಪಕ್ಕದವನು ಗಂಟಿನಿಂದ ಇಣುಕುತ್ತಿದ್ದ ಜಿಲ್ದನ್ನೇ ನೋಡುತ್ತಿದ್ದ. ಖಾದರ್ ಚಾಚಾ ಕಟ್ಟುವ ಹಸಿರು ಬಟ್ಟೆಯ ಬೆನ್ನು ಎಲ್ಲಿದ್ದರೂ ಗೊತ್ತಾಗುತ್ತಿತ್ತು.

"ಹನ್ನೊಂದನೇದೇನ್ರಿ?" ಎಂದು ಮೆಲ್ಲಗೆ ಕೇಳಿದ.

"ಹೌದ್ರಿ. ನೀವೂ ಓದ್ತೀರೇನು?"

"ನಾ ಮಾಣಿಕ್ ಅದೀನ್ರಿ. ಔರಾದ್."

ನಾನು ಕೂತಲ್ಲಿಂದ ಎದ್ದೇ ಬಿಟ್ಟೆ. "ಅರೇ, ನೀನೇನು ಆ ಮಾಣಿಕ್? ನಾ ಶರಣಪ್ಪ, ಭಾಲ್ಕಿ!"

"ಮೆಟ್ಟಿಲದು ತಪ್ಪು ಹೇಳಿದವ ನೀನೇ ಏನು?" ಎಂದು ಅವನು ನಕ್ಕ. 'ರಿ' ಅಲ್ಲಿಗೇ ಬಿದ್ದುಹೋಯಿತು.

ಅಂಥ ಎರಡು ತಾಸು ನನ್ನ ಜೀವನದಲ್ಲಿ ಮತ್ತೆ ಬರಲಿಲ್ಲ. ಉಳಿದವರೆಲ್ಲ ಕನ್ನಡದ ಪದ್ಯ ಬಾಯಿಪಾಠ ಮಾಡುತ್ತಿದ್ದರು. ನಾವು ನೆರಳಿಲ್ಲದ ಶಹಜಾದಾನ ಬಗ್ಗೆ ವಾದ ಮಾಡುತ್ತಿದ್ದೆವು. ಅವನು ತಂದಿದ್ದ ಜೋಳದ ರೊಟ್ಟಿ, ನಾನು ತಂದಿದ್ದ ಶೇಂಗಾ ಹಿಂಡಿ ಎರಡೂ ಒಂದೇ ವಸ್ತ್ರದ ಮೇಲೆ ಖಾಲಿಯಾದವು. ಹಾಸ್ಟೆಲಿನಲ್ಲಿ ಒಂದೇ ಖೋಲಿ ಕೇಳೋಣ, ಹನ್ನೆರಡನೇ ಭಾಗವನ್ನು ಜೋಡಿಯಾಗಿ ಕೂತು ಓದೋಣ ಎಂದು ಮಾತಾಯಿತು. ಮೊಮ್ಮಗಳ ಕ್ಯೂ ನೆನಪಾಯಿತಲ್ಲ ನಿಮಗೆ? ನನಗೂ ಆಟೋದಲ್ಲಿ ಅದೇ ಆಗಿದ್ದು.

ನಡುವೆ ಒಂದು ಘಟನೆ. ಫಾರಂ ತೆಗೆದುಕೊಳ್ಳುವ ಗುಮಾಸ್ತ ಮಾಣಿಕನನ್ನು ಕರೆದ. ಅವನ ಮನೆಯವರು ಸ್ವಲ್ಪ ಹಿಂದಷ್ಟೇ ಬೌದ್ಧರಾಗಿದ್ದರು. ಧರ್ಮದ ಕಾಲಂನಲ್ಲಿ ಅವನು ಹಾಗೇ ಬರೆದಿದ್ದ.

"ಇದು ಇರ್ಲಿ. ಮೊದಲ ಏನಿದ್ರಿ ಅದು ಹೇಳು," ಎಂದ ಗುಮಾಸ್ತ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

"ಬರದಿದ್ದೇ ಅದರಿ," ಎಂದ ಮಾಣಿಕ.

ವರಾಂಡವೆಲ್ಲ ತಿರುಗಿ ನೋಡಿತು. ಅವನು ಬಂದು ನನ್ನ ಪಕ್ಕದಲ್ಲೇ ಕೂತ. ನಾನು ಸರಿಯಲಿಲ್ಲ. ಸರಿಯಲಿಲ್ಲ ಎಂದು ಎಷ್ಟೋ ವರ್ಷ ಹೆಮ್ಮೆಪಟ್ಟಿದ್ದೂ ಉಂಟು. ಎಂಥ ಹೆಮ್ಮೆ ನೋಡಿ!

ಆಮೇಲೆ ಸುದ್ದಿ ಬಂತು. ಹಾಸ್ಟೆಲಿನಲ್ಲಿ ಉಳಿದಿರುವುದು ಒಂದೇ ಜಾಗ. ಅದನ್ನು ಕೇಳಿದವರಲ್ಲಿ ಬಾಕಿ ಇರುವವರು ನಾವಿಬ್ಬರೇ.

ಮೊದಲು ನನ್ನನ್ನು ಕರೆದರು. ಒಳಗೆ ಪ್ರಿನ್ಸಿಪಾಲರು ಮತ್ತು ಇನ್ನೊಬ್ಬ ಮೇಷ್ಟ್ರು. ಇಬ್ಬರೂ ಮೈಸೂರು ಕಡೆಯಿಂದ ಹೊಸದಾಗಿ ಬಂದವರು. ಒಳ್ಳೆಯವರೇ. ಉರ್ದು ಮಾತ್ರ ಅವರಿಗೆ ಇರುವೆ ಹರಿದಂತೆ ಕಾಣುತ್ತಿತ್ತು. ಸರ್ಟಿಫಿಕೇಟ್ ತೆಗೆಯಲು ನಾನು ಗಂಟು ಬಿಚ್ಚಿದೆ. ಪುಸ್ತಕ ಮೇಜಿನ ಮೇಲೆ ದಪ್ ಎಂದು ಬಿತ್ತು.

ಪ್ರಿನ್ಸಿಪಾಲರು ಎತ್ತಿಕೊಂಡರು. ಒಳಗಿನ ಮೊದಲ ಹಾಳೆಯಲ್ಲೇ ಒಂದು ಚಿತ್ರ. ಕೋರೆಹಲ್ಲಿನ ಜಿನ್ನು, ಅದರ ಹೆಗಲ ಮೇಲೆ ಅರೆಬಟ್ಟೆಯ ಪರಿ, ಅಂದರೆ ಅಪ್ಸರೆ.

"ಏನಪ್ಪಾ ಇದು? ಮಾಟ ಮಂತ್ರದ ಪುಸ್ತಕಾನಾ? ಓದೋದಕ್ಕೆ ಬರ್ತಿದ್ದೀಯೋ, ಇನ್ನೇನಕ್ಕೋ?"

ಹಾಸ್ಟೆಲ್ ಹೋಯಿತು ಅಂದುಕೊಂಡೆ. ಹೋದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಬೀದರಿನಲ್ಲೇ ನನ್ನ ಸೋದರಮಾವನ ಮನೆಯಿತ್ತು. ಅಲ್ಲಿದ್ದರೆ ಅತ್ತೆಗೆ ನೀರು ಸೇದಿಕೊಡಬೇಕು, ಸಂಜೆ ಮಾವನೆದುರು ಪಾಠ ಒಪ್ಪಿಸಬೇಕು. ಅದನ್ನು ತಪ್ಪಿಸಿಕೊಳ್ಳಲು ನನಗೆ ಹಾಸ್ಟೆಲ್ ಬೇಕಿತ್ತು. ಇಷ್ಟೇ. ಇಷ್ಟಕ್ಕೇ!

"ನಂದಲ್ರಿ ಸರ್," ಅಂದೆ. "ಹೊರಗ ಕುಂತಾನಲ್ರಿ, ಔರಾದ್ ಹುಡುಗ, ಅವಂದು. ಇಟ್ಕೋ ಅಂತ ಕೊಟ್ಟಾನ್ರಿ."

ಸುಳ್ಳು ಹೇಳಲು ಯಾರಾದರೊಬ್ಬರ ಹೆಸರು ಬೇಕಿತ್ತು, ಅವನ ಹೆಸರು ಬಂತು, ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದು. ಆದರೆ ನಿಜ ಹಾಗಿಲ್ಲ. ಅವನ ಹೆಸರು ಹೇಳಿದರೆ ಕೂಡಲೇ ನಂಬುತ್ತಾರೆ ಎಂದು ನನಗೆ ಗೊತ್ತಿತ್ತು. ಗುಮಾಸ್ತನ ಪ್ರಶ್ನೆ ಕೇಳಿ ಹತ್ತು ನಿಮಿಷವೂ ಆಗಿರಲಿಲ್ಲ. ಊರಲ್ಲಿ ಏನಾದರೂ ಕಳೆದರೆ ಮೊದಲು ಯಾರ ಓಣಿ ಹುಡುಕುತ್ತಾರೆ ಎಂದು ಹದಿನೇಳು ವರ್ಷದ ಹುಡುಗನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾಣಿಕನನ್ನು ಒಳಗೆ ಕರೆದರು. ಪ್ರಿನ್ಸಿಪಾಲರು ಪುಟ ತಿರುವುತ್ತ ಕೊನೆಯ ಹಾಳೆಗೆ ಬಂದಿದ್ದರು.

"ಈ ಪುಸ್ತಕ ನಿನ್ನದು ಅಂತಿದ್ದಾನೆ ಇವನು. ಇಲ್ಲಿ ಪೆನ್ಸಿಲ್ಲಲ್ಲಿ ಏನೋ ಬರೆದಿದೆ. ಯಾರದೋ ಹೆಸರಿರಬೇಕು. ಓದು ನೋಡೋಣ," ಎಂದು ಅವನ ಕೈಗೇ ಕೊಟ್ಟರು.

ಆ ಹಾಳೆಯ ಮೇಲೆ ಇದ್ದುದು ಒಂದೇ ಹೆಸರು. ಮೇಜಿನ ಈ ಕಡೆಯಿಂದ ನನಗೂ ಕಾಣುತ್ತಿತ್ತು. ಆ ಕೋಣೆಯಲ್ಲಿ ಅದನ್ನು ಓದಲು ಬರುತ್ತಿದ್ದವರು ಇಬ್ಬರೇ. ಉರ್ದು ಬಲ್ಲ ಗುಮಾಸ್ತ ಹೊರಗಿದ್ದ.

ಮಾಣಿಕ ಹಾಳೆ ನೋಡಿದ. ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ಮಾಣಿಕ, ಔರಾದ," ಎಂದು ಓದಿದ. "ನಂದೇ ಅದರಿ ಸರ್, ಕಿತಾಬ್."

ಪ್ರಿನ್ಸಿಪಾಲರ ಮುಖ ಸಡಿಲಾಯಿತು. ನಿಜ ಒಪ್ಪಿಕೊಂಡೆಯಲ್ಲ, ಸಂತೋಷ ಎಂದರು. (ಆ ದಿನ ಆ ಕೋಣೆಯಲ್ಲಿ ಸತ್ಯವಂತ ಎನಿಸಿಕೊಂಡವನು ಅವನೊಬ್ಬನೇ.) ಕಾಲೇಜಿಗೆ ಸೀಟು ಇಬ್ಬರಿಗೂ ಕೊಡುತ್ತೇವೆ, ಹಾಸ್ಟೆಲ್ ಮಾತ್ರ ಈ ಹುಡುಗನಿಗೆ ಎಂದು ನನ್ನ ಕಡೆ ಕೈ ತೋರಿಸಿದರು.

ಔರಾದಿನಿಂದ ದಿನಾ ಬಂದುಹೋಗುವ ಕಾಲವಲ್ಲ ಅದು. ಬೀದರಿನಲ್ಲಿ ಅವನಿಗೆ ನೆಂಟರಿರಲಿಲ್ಲ. ಬಾಡಿಗೆಗೆ ಖೋಲಿ ಕೇಳಿದರೆ ಏನು ಉತ್ತರ ಬರುತ್ತದೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಾಸ್ಟೆಲ್ ಇಲ್ಲವೆಂದರೆ ಕಾಲೇಜೇ ಇಲ್ಲ.

ಹೊರಗೆ ಬಂದ ಮೇಲೆ ನಾನು ಕೇಳಿದೆ, "ಯಾಕ ಹಂಗ ಓದಿದಿ?"

"ನಿನ್ನ ಹೆಸರ ಓದಿದ್ರ ನಿಂದೂ ಹೋಗ್ತಿತ್ತು. ಒಮ್ಮಿ ಅನುಮಾನ ಬಂದದ ಅಂದ್ರ ನನಗೇನು ಕೊಡ್ತಿದ್ರು? ಇಬ್ರುದೂ ಯಾಕ ಹೋಗಬೇಕು? ನಿನಗೂ ಇಲ್ಲಿ ಯಾರಿಲ್ಲ."

ನಿನಗೂ ಇಲ್ಲಿ ಯಾರಿಲ್ಲ ಅಂದ. ಮಾವನ ಮನೆಯ ಮಾತನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ. ಆಗಲಾದರೂ ಹೇಳಬಹುದಿತ್ತು. ತಿರುಗಿ ಒಳಗೆ ಹೋಗಿ, "ಸರ್, ನನಗ ಮನಿ ಅದ, ಹಾಸ್ಟೆಲ್ ಅವಗ ಕೊಡ್ರಿ" ಎನ್ನಲು ಎಷ್ಟು ಹೊತ್ತು ಬೇಕು? ಬಾಗಿಲು ಇನ್ನೂ ತೆರೆದೇ ಇತ್ತು. ನಾನು ನನ್ನ ಗಂಟು ಕಟ್ಟಿಕೊಳ್ಳುತ್ತ ನಿಂತೆ.

ಅವನು ಹನ್ನೊಂದನೇ ಭಾಗ ತೆಗೆದುಕೊಂಡು, "ಓದಿ ಚಾಚಾಗ ಕಳಸ್ತೇನಿ" ಎಂದು ಔರಾದಿನ ಬಸ್ಸು ಹತ್ತಿದ.

ಹನ್ನೆರಡನೆಯದನ್ನು ನಾನು ಓದಲಿಲ್ಲ. ಹಾಸ್ಟೆಲಿನಲ್ಲಿ ಕೂತು ಬೆರಳಿಟ್ಟುಕೊಂಡು ಕನ್ನಡ ಕಲಿತೆ. ಕಲಿತೆ ನೋಡಿ, ಇವತ್ತು ವಾರಕ್ಕೊಮ್ಮೆ ನಿಮಗೆ ಬುದ್ಧಿ ಹೇಳುವಷ್ಟು. ಮಕ್ಕಳಿಗೆ ಫೀಸು ಕಟ್ಟುತ್ತೇವೆ, ಟ್ಯೂಷನ್ ಹಚ್ಚುತ್ತೇವೆ, ಕಷ್ಟಪಟ್ಟರೆ ಸೀಟು ಸಿಗುತ್ತದೆ ಎನ್ನುತ್ತೇವೆ. ನಾವು ಕೂತ ಸೀಟಿನಿಂದ ಯಾರನ್ನು ಎಬ್ಬಿಸಿದೆವು ಎಂದು ಯಾವ ಅಪ್ಪ ಮಕ್ಕಳಿಗೆ ಹೇಳುತ್ತಾನೆ?

ಬಹಳ ವರ್ಷಗಳ ಮೇಲೆ ಕೆಲಸದ ಮೇಲೆ ಔರಾದಿಗೆ ಹೋದಾಗ ವಿಚಾರಿಸಿಕೊಂಡು ಅವನ ಮನೆಗೆ ಹೋದೆ. ತಪ್ಪು ಒಪ್ಪಿಕೊಳ್ಳಬೇಕೆಂದೇ ಹೋದೆ, ನಂಬಿ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವನು ಬಟ್ಟೆ ಹೊಲಿಯುತ್ತಿದ್ದ. ಮಷೀನು ನಿಲ್ಲಿಸಿ, ಕನ್ನಡಕ ಏರಿಸಿ ನೋಡಿ, ಗುರುತು ಹಿಡಿದು ಒಳಗೆ ಕೂಗಿದ.

"ಏ, ಚಾ ಇಡು. ನನ್ ಕಾಲೇಜಿನ ದೋಸ್ತ್ ಬಂದಾನ."

ಕಾಲೇಜಿನ ದೋಸ್ತ್! ಆ ಕಾಲೇಜಿನಲ್ಲಿ ಅವನು ಇದ್ದದ್ದು ಒಂದು ಮುಂಜಾನೆ. ಅದೂ ವರಾಂಡದಲ್ಲಿ. ಆ ಮುಂಜಾನೆ ನಾನು ಮಾಡಿದ್ದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ ಎಂದು ಅವನ ಹೆಂಡತಿಯ ಮುಖದಲ್ಲೇ ಗೊತ್ತಾಯಿತು. ನಗುತ್ತ ಚಹಾ ಕೊಟ್ಟರು. "ಅವರು ಯಾವಾಗ್ಲೂ ನಿಮ್ ನೆನಪು ತೆಗೀತಾರ್ರಿ. ಕಾಲೇಜಿನಾಗ ಜೋಡಿ ಇದ್ರಂತಲ್ರಿ?"

ಮಾಣಿಕ ನನ್ನ ಕಡೆ ನೋಡಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದ.

"ಹೌದ್ರಿ ಅಕ್ಕೋರೇ," ಅಂದೆ. "ಜೋಡೀನೇ ಇದ್ದೇವು."

ಚಹಾ ಕುಡಿದೆ. ಮಳೆ, ಬೆಳೆ, ಮಕ್ಕಳ ಮಾತಾಡಿದೆ. ಎದ್ದು ಬಂದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳನ್ನು ಅದೇ ಬಸ್ಸಿನಲ್ಲಿ ವಾಪಸ್ಸು ತಂದೆ. ನಾಚಿಕೆ ಎಂದರೆ ಏನೆಂದು ನನ್ನನ್ನು ಕೇಳಿ. ಬೈಸಿಕೊಂಡವನಿಗೆ ಅದು ಗೊತ್ತಿರುವುದಿಲ್ಲ. ಚಹಾ ಕುಡಿಸಿಕೊಂಡು ಬಂದವನಿಗೆ ಗೊತ್ತಿರುತ್ತದೆ.

ಮಾಣಿಕ ಈಗಲೂ ಔರಾದಿನಲ್ಲೇ ಇದ್ದಾನೆ, ಮುದುಕ ಮುದುಕಿ ಇಬ್ಬರೂ ಗಟ್ಟಿಯಾಗಿದ್ದಾರೆ ಎಂದು ಕೇಳಿದ್ದೇನೆ. ಈ ಬರಹ ಓದಿ ಕೆಲವರು ನನಗೆ ಫೋನ್ ಮಾಡುತ್ತೀರಿ, ಈ ವಯಸ್ಸಿನಲ್ಲಿ ಎಷ್ಟು ಧೈರ್ಯವಾಗಿ ತಪ್ಪು ಒಪ್ಪಿಕೊಂಡಿರಿ ಎನ್ನುತ್ತೀರಿ. ದಯವಿಟ್ಟು ಬೇಡ.

ಮಾಣಿಕನಿಗೆ ಉರ್ದು ಬರುತ್ತದೆ, ಮರಾಠಿ ಬರುತ್ತದೆ. ಕನ್ನಡ ಓದಲು ಬರುವುದಿಲ್ಲ.