ಗಡಸು ನೀರಿನ ಯಜಮಾನರು

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಪಕ್ಕದಲ್ಲಿ ನೀಲಿ ಕ್ಯಾನೊಂದು ಕೂತಿತ್ತು. ಅದರ ಹಿಂದೆ ನಮ್ಮತ್ತೆ ಚಪ್ಪಲಿ ಬಿಡುತ್ತಿದ್ದರು. ಅಭ್ಯಾಸದಂತೆ ಸೊಂಟ ಗಟ್ಟಿ ಮಾಡಿಕೊಂಡು ಕ್ಯಾನ್ ಎತ್ತಿದೆ. ಹಿಂದಕ್ಕೆ ಬೀಳುವುದೊಂದು ಬಾಕಿ. ಖಾಲಿ. ಆ ಖಾಲಿ ಕ್ಯಾನಿನ ಬೆಲೆ ನಿಮಗೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅತ್ತೆಯ ಊರು ಸೊರಬದ ಕಡೆಯ ಕುಪ್ಪಗಡ್ಡೆ. ಅವರ ಹಿತ್ತಿಲ ಬಾವಿಯ ನೀರು ಸಿಹಿ. ನಾನಿರುವುದು ಶಿಕಾರಿಪುರ, ನಮ್ಮ ಬೋರಿನ ನೀರು ಗಡಸು. ಕುದಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಕಟ್ಟುತ್ತದೆ, ಸೋಪು ನೊರೆಯಾಗಲು ಸತಾಯಿಸುತ್ತದೆ. ಮದುವೆಯಾದ ಲಾಗಾಯ್ತಿನಿಂದ ಅತ್ತೆ ಬಂದಾಗಲೆಲ್ಲ ಬಸ್ಸಿನಲ್ಲಿ ಒಂದು ಕ್ಯಾನ್ ಬಾವಿ ನೀರು ತರುತ್ತಿದ್ದರು. “ನಿಮ್ಮೂರ ನೀರಾಗೆ ಬೇಳೆ ಬೇಯಾದಿಲ್ಲ ಅಳಿಯಂದ್ರೆ, ಬೇಜಾರು ಮಾಡ್ಕಬ್ಯಾಡಿ” ಎನ್ನುತ್ತಿದ್ದರು. ನಾನು ಬೇಜಾರು ಮಾಡಿಕೊಳ್ಳುತ್ತಿದ್ದೆ. ಊರ ನೀರನ್ನು ಹಳಿದರೆ ಊರನ್ನೇ ಹಳಿದಂತಲ್ಲವೇ? ಆದರೆ ಅವರು ಮಾಡಿದ ಸಾರು ಉಂಡ ಮೇಲೆ ಜಗಳಕ್ಕೆ ಬಾಯಿ ಏಳುತ್ತಿರಲಿಲ್ಲ.

ಹೋದ ವರ್ಷ ಪಕ್ಕದ ಮನೆಯ ಮೇಷ್ಟ್ರಿಗೆ ವರ್ಗವಾಯಿತು. ಆರಡಿ ಉದ್ದದ ಗಾಜಿನ ತೊಟ್ಟಿಯನ್ನೂ ಅದರಲ್ಲಿದ್ದ ಐದು ಮೀನುಗಳನ್ನೂ ನನಗೆ ಒಪ್ಪಿಸಿದರು. ಆಫ್ರಿಕಾದ ದೊಡ್ಡ ಸರೋವರದ ಮೂಲದವಂತೆ, ಹೆಸರು ಫ್ರಂಟೋಸಾ. ಗೇಣುದ್ದದ ಮೈ, ಕಪ್ಪು ಪಟ್ಟೆ. ಗಂಡು ಮೀನಿನ ಹಣೆಯ ಮೇಲೆ ದೊಡ್ಡದೊಂದು ಗುಬುಟು. ಅದರ ಗತ್ತು ನೋಡಿ ಅತ್ತೆ ಅದಕ್ಕೆ ಯಜಮಾನ್ರು ಎಂದು ಹೆಸರಿಟ್ಟರು.

“ತಲೆ ಕೆಡಿಸ್ಕಬೇಡಿ ಸಾರ್, ನಿಮ್ಮ ಬೋರ್ ನೀರೇ ಹಾಕಿ” ಎಂದಿದ್ದರು ಮೇಷ್ಟ್ರು. ನಾನು ಅದನ್ನು ಸಂಕೋಚ ಎಂದುಕೊಂಡೆ. ಊಟಕ್ಕೆ ಕರೆದರೆ ‘ಏನೂ ಮಾಡಬೇಡಿ, ಒಂದು ಲೋಟ ನೀರು ಕೊಟ್ಟರೆ ಸಾಕು’ ಎನ್ನುವುದಿಲ್ಲವೇ ನಾವು? ಅದನ್ನು ನಂಬಿ ಬರೀ ನೀರು ಕೊಟ್ಟು ಕಳಿಸಿದವರುಂಟೇ? ದೂರದಿಂದ ಬಂದ ಅತಿಥಿಗಳೆಂದು ಪ್ರತಿ ಭಾನುವಾರ ಗೂಡ್ಸ್ ಆಟೋದಲ್ಲಿ ಕುಪ್ಪಗಡ್ಡೆಯ ಸಿಹಿ ನೀರು ತರಿಸಿ ತೊಟ್ಟಿಗೆ ತುಂಬಿದೆ.

ನಾಲ್ಕನೇ ವಾರಕ್ಕೆ ಐದೂ ಮೀನು ತಳ ಹಿಡಿದವು. ಯಜಮಾನ್ರು ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದರು. “ರೀ, ಇವು ಉಳಿಯಲ್ಲ ಅನ್ಸುತ್ತೆ” ಎಂದಳು ಹೆಂಡತಿ ಸಾವಿತ್ರಿ. ನಂಬಿ ಕೊಟ್ಟವರಿಗೆ ಏನು ಹೇಳಲಿ ಎಂದು ನನಗೆ ನಿಜಕ್ಕೂ ಅಳು ಬಂತು. ಕೊನೆಗೆ ಫೋನು ಮಾಡಿದೆ.

“ಬೋರ್ ನೀರೇ ಅಂದಿದ್ನಲ್ಲ ಸಾರ್” ಎಂದರು ಮೇಷ್ಟ್ರು. “ಅವು ಹುಟ್ಟಿದ ಸರೋವರದ ನೀರೂ ಹಂಗೇ ಗಡಸು. ಸಿಹಿ ನೀರು ಅವಕ್ಕೆ ಆಗಲ್ಲ. ಒಂದೇ ಸಲ ಬದಲಾಯಿಸಬೇಡಿ, ದಿನಾ ಎರಡೆರಡು ಬಕೆಟ್ ಹಾಕ್ತಾ ಬನ್ನಿ.”

ದೇವರಿಗೂ ಅಷ್ಟು ನೇಮದಿಂದ ಅಭಿಷೇಕ ಮಾಡಿದವನಲ್ಲ ನಾನು. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಯಜಮಾನ್ರು ಗುಬುಟು ಎತ್ತಿಕೊಂಡು ಮೇಲೆ ಬಂದು ನನ್ನ ಕೈಯಿಂದಲೇ ಆಹಾರ ಕಿತ್ತುಕೊಂಡರು. ನಾನು ಹಿತ್ತಿಲಿಗೆ ಹೋಗಿ ಬೋರಿನ ಪೈಪನ್ನು ಸವರಿ ಬಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹೆಣ್ಣೊಂದು ಊಟ ಬಿಟ್ಟಿತು, ಗದ್ದ ಊದಿಕೊಂಡಿತು. ಮತ್ತೆ ಕಾಯಿಲೆಯೆಂದು ನಾನು ಕಂಗಾಲಾದೆ. ಮನೆಗೆ ಬಂದಿದ್ದ ಅತ್ತೆ ಸ್ಟೂಲು ಎಳೆದುಕೊಂಡು ಕೂತು ಬಹಳ ಹೊತ್ತು ನೋಡಿದರು. “ಸೀಕಲ್ಲ ಅಳಿಯಂದ್ರೆ. ಬಾಯಾಗೆ ಏನೋ ಜ್ವಾಪಾನ ಮಾಡ್ತಾ ಐತೆ.”

ಅವರು ಹೇಳಿದ್ದೇ ಸರಿ. ಆ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಹೆಚ್ಚುಕಡಿಮೆ ಒಂದು ತಿಂಗಳು ಉಪವಾಸವಿದ್ದು, ಆಮೇಲೆ ಬಾಯಿ ತೆರೆದು ಮರಿಗಳನ್ನು ಹೊರಗೆ ಬಿಟ್ಟಿತು. ಉಗುರಿನಷ್ಟು ಮೈ, ಅದರ ಮೇಲೂ ಪಟ್ಟೆ. ಮರಿ ನೋಡಲೆಂದೇ ಮತ್ತೆ ಬಂದಿದ್ದ ಅತ್ತೆ ಕಣ್ಣೊರೆಸಿಕೊಂಡು ಕೇಳಿದರು: “ನಮ್ಮ ಬಾವಿ ನೀರಾಗೆ ಇವು ಬದುಕ್ತಾವಾ?”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅಳಿಯನಿಗೂ ಒಂದು ಕಾಲ ಬರುತ್ತದೆಂದು ಯಾರೂ ಹೇಳಿರಲಿಲ್ಲ. “ನಿಮ್ಮೂರ ನೀರಾಗೆ ಬದುಕಾದಿಲ್ಲ ಅತ್ತೆ” ಎಂದೆ ಅವರದೇ ಧಾಟಿಯಲ್ಲಿ, “ಬೇಜಾರು ಮಾಡ್ಕಬ್ಯಾಡಿ.” ಒಳಗಿನಿಂದ ಸಾವಿತ್ರಿ ನಕ್ಕಿದ್ದು ಕೇಳಿಸಿತು.

ಅದಾಗಿ ಎರಡು ತಿಂಗಳಿಗೆ, ಇವತ್ತು, ಈ ಖಾಲಿ ಕ್ಯಾನು. ಅತ್ತೆ ಊರಿನಲ್ಲಿ ಸಣ್ಣದೊಂದು ಗಾಜಿನ ತೊಟ್ಟಿ ತಂದಿಟ್ಟಿದ್ದಾರಂತೆ. ಸಂಜೆ ನಾಲ್ಕು ಮರಿಗಳನ್ನು ಡಬ್ಬಿಗೆ ಬಿಟ್ಟುಕೊಟ್ಟು, ನಾನೇ ಬೋರಿನ ನೀರು ತುಂಬಿದ ಕ್ಯಾನನ್ನು ಬಸ್ಸಿಗೇರಿಸಿದೆ.

“ಏನಜ್ಜಿ ಇದು, ಇಷ್ಟು ಭಾರ?” ಎಂದ ಕಂಡಕ್ಟರು.

“ನೀರಪ್ಪ” ಎಂದರು ಅತ್ತೆ. “ನಮ್ಮ ಅಳಿಯಂದ್ರ ಊರಿಂದು. ಬಾಳ ಒಳ್ಳೇ ನೀರು, ಚೆಲ್ಲಬ್ಯಾಡ.”

ಬಸ್ಸು ತಿರುವು ದಾಟುವವರೆಗೂ ನಾನು ಎದೆಯುಬ್ಬಿಸಿ ನಿಂತಿದ್ದೆ. ನನ್ನ ಹಣೆಯ ಮೇಲೂ ಒಂದು ಗುಬುಟು ಎದ್ದಿದ್ದರೆ ಆಶ್ಚರ್ಯವಿರಲಿಲ್ಲ.