ಲಾಭಪ್ಪನ ಸೊನ್ನೆ

ಬೆಳೆಗಾರರಿಗಾಗಿ ನಡೆಯುವ ಕೃಷಿ ನಿರ್ವಹಣೆ ಸ್ಪರ್ಧೆಯಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಲಾಭ ತೋರಿಸಿ ನಾಲ್ಕು ವರ್ಷ ಒಂದೇ ಸಮನೆ ಬಹುಮಾನ ಹೊಡೆದವನಿಗೆ ಊರಿನವರು ಲಾಭಪ್ಪ ಎಂದಲ್ಲದೆ ಇನ್ನೇನು ಹೆಸರಿಟ್ಟಾರು? ಉಳುವಾಗ ಟ್ರ್ಯಾಕ್ಟರ್ ತಿರುಗಿಸಲು ಹಿಡಿದ ಸೆಕೆಂಡುಗಳನ್ನೂ ಗಡಿಯಾರ ನೋಡಿ ಬರೆದಿಡುತ್ತಾನೆ. ಕುಶಲ ವಿಚಾರಿಸಲು ಹೊಲಕ್ಕೆ ಬಂದ ಭಾವಮೈದುನನ ಕೈಗೂ ಕುಡುಗೋಲು ಕೊಟ್ಟು, "ಸುಮ್ನೆ ನಿಂತ್ರೆ ಅದೂ ಖರ್ಚೇ ಕಣಯ್ಯ" ಅನ್ನುತ್ತಾನೆ. ಸೀನು ಬಂದರೂ ಸಾಲಿನ ಕೊನೆ ಮುಟ್ಟಿಯೇ ಸೀನುವ ಆಸಾಮಿ. ಸ್ಪರ್ಧೆಯ ಅರ್ಜಿಯಲ್ಲಿ 'ಮನೆಯವರ ದುಡಿಮೆ' ಎಂಬ ಕಾಲಂ ಬಂದಾಗ ಮಾತ್ರ ಲೆಕ್ಕವೇ ಹಾಕದೆ ಸೊನ್ನೆ ಬರೆಯುತ್ತಿದ್ದ. "ಹೆಂಡ್ತಿ ಕಳೆ ಕಿತ್ರೆ ಅದಕ್ಯಾರು ಕೂಲಿ ಕೊಡ್ತಾರೆ?" ಅನ್ನುತ್ತಿದ್ದ. ಈ ವರ್ಷ ಬಿತ್ತನೆಗೆ ಮುಂಚೆ ಅವಳು ಜ್ವರದಲ್ಲಿ ತೀರಿಕೊಂಡಳು. ಹೊಲ ನೋಡಲು ಬಂದ ತೀರ್ಪುಗಾರರು ಅರ್ಜಿ ತಿರುವಿ ಹಾಕಿ, "ಬೆಳೆ ಹೋದ ವರ್ಷದಷ್ಟೇ ಇದೆ, ಲಾಭದ ಅಂದಾಜು ಅರ್ಧ ಆಗಿದೆ. ಹೊಸದಾಗಿ ಮೂರು ಆಳು ಯಾಕೆ?" ಎಂದು ಕೇಳಿದರು. ಲಾಭಪ್ಪ ಕಳೆ ಕೀಳುತ್ತಿದ್ದ ಆ ಮೂವರನ್ನೇ ನೋಡುತ್ತ, ಗಡಿಯಾರದ ಕಡೆ ಕಣ್ಣು ಹಾಯಿಸದೆ, ಬಹಳ ಹೊತ್ತು ಸುಮ್ಮನೆ ನಿಂತ. "ಹಳೇ ಅರ್ಜಿಗಳಿದ್ರೆ ಕೊಡಿ ಸಾರ್," ಅಂದ, "ನಾಲ್ಕು ಕಡೆ ಸೊನ್ನೆ ತಿದ್ದಬೇಕು."